ಇಳಿಜಾರನ್ನು ನಂಬಬೇಡಿ: ಶಿರಸಿಯ ಗುಡ್ಡಗಳಲ್ಲಿ ಓಟ ಶುರು ಮಾಡುವವರಿಗೆ

(ನವರಾತ್ರಿಗೆ ಸ್ವಲ್ಪ ಮುಂಚೆ, ಶಿರಸಿಯ ನಮ್ಮ ಬಡಾವಣೆಯ ಸಭಾಭವನದಲ್ಲಿ ಆಡಿದ ಮಾತುಗಳ ಬರಹ ರೂಪ. ಸಭೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈ ಕಾರ್ಯಕ್ರಮದ ಸುದ್ದಿ ತಿಳಿದ ಮೇಲೆ ಒಬ್ಬ ತಂಗಿ ನನಗೆ ಫೋನ್ ಮಾಡಿದಳು. "ಅಕ್ಕ, ಓಡಬೇಕು ಅಂತ ಬಹಳ ಆಸೆ ಇದೆ. ಆದರೆ ನಮ್ಮನೆ ದಣಪೆ (ಗೇಟು) ದಾಟಿದರೆ ಒಂದೋ ಏರು, ಇಲ್ಲ ಇಳಿಜಾರು. ಸಪಾಟು ಜಾಗವೇ ಇಲ್ಲ. ನಾನು ಎಲ್ಲಿ ಓಡಲಿ?" ಎಂದು ಕೇಳಿದಳು.

ಇವತ್ತಿನ ನನ್ನ ಮಾತೆಲ್ಲ ಅವಳಿಗೆ ಕೊಡುವ ಉತ್ತರ ಅಂತಲೇ ತಿಳಿಯಿರಿ. ನಮ್ಮ ಊರುಗಳು ಇರುವುದೇ ಹಾಗೆ. ತೋಟ ಕೆಳಗೆ, ಮನೆ ನಡುವೆ, ಬೆಟ್ಟ ಮೇಲೆ. ಹಾಲು ಕೊಡಲು ಹೋಗಬೇಕಾದರೂ ಒಂದು ದಿಬ್ಬ ಹತ್ತಿ ಇಳಿಯಬೇಕು. ಶಿರಸಿ ಪೇಟೆಯೊಳಗೇ ನೋಡಿ, ಮಾರಿಗುಡಿಯಿಂದ ಯಾವ ಕಡೆ ಹೊರಟರೂ ರಸ್ತೆ ಹತ್ತುತ್ತದೆ, ಇಳಿಯುತ್ತದೆ. ಓಟದ ಬಗ್ಗೆ ಫೋನಿನಲ್ಲಿ ಸಿಗುವ ಸಲಹೆಗಳೆಲ್ಲ ಹೆಚ್ಚಾಗಿ ಸಪಾಟು ಊರಿನವರು ಸಪಾಟು ಊರಿನವರಿಗೆ ಹೇಳಿದ್ದು. ಅದನ್ನು ಹಾಗೆಯೇ ತಂದು ನಮ್ಮ ರಸ್ತೆಯ ಮೇಲೆ ಇಟ್ಟರೆ ಕೂರುವುದಿಲ್ಲ. ನಾನೂ ಮೊದಲು ಹಾಗೇ ಮಾಡಿ, ಪೆಟ್ಟು ತಿಂದು, ಆಮೇಲೆ ಕಲಿತೆ.

ನಾನು ಓಟಗಾರ್ತಿಯೂ ಅಲ್ಲ, ತರಬೇತಿ ಕೊಡುವವಳೂ ಅಲ್ಲ. ಲೆಕ್ಕ ಬರೆಯುವ ಕೆಲಸದವಳು. ದಿನಕ್ಕೆ ಎಂಟು ಗಂಟೆ ಕುರ್ಚಿಯ ಮೇಲೆ ಕೂರುವವಳು. 41ನೇ ವಯಸ್ಸಿನಲ್ಲಿ ಓಡಲು ಶುರು ಮಾಡಿದೆ. ಈಗ ಐದು ವರ್ಷ ಆಯಿತು.

ಮೊದಲ ದಿನದ ಬೆಳಗ್ಗೆ ನನಗೆ ಚೆನ್ನಾಗಿ ನೆನಪಿದೆ. ಮನೆಯಿಂದ ಇನ್ನೂರು ಮೀಟರ್ ಹೋಗಿರಲಿಲ್ಲ. ಪಕ್ಕದ ಮನೆ ಅಜ್ಜಿ ಹೂ ಕೊಯ್ಯುತ್ತಿದ್ದವರು ಬುಟ್ಟಿ ಅಲ್ಲೇ ಇಟ್ಟು ರಸ್ತೆಗೆ ಬಂದರು. "ಎಂತಾತೇ ತಂಗಿ? ಯಾರಿಗೆ ಹುಷಾರಿಲ್ಲೆ?" ಎಂದು ಗಾಬರಿಯಿಂದ ಕೇಳಿದರು. ಅವರ ತಪ್ಪಲ್ಲ. ನಮ್ಮ ಕಡೆ ದೊಡ್ಡವರು ಓಡುವುದು ಯಾವಾಗ? ಯಾರಿಗೋ ಹಾವು ಕಚ್ಚಿದಾಗ, ಕೊಟ್ಟಿಗೆಗೆ ಬೆಂಕಿ ಬಿದ್ದಾಗ, ಬಸ್ಸು ತಪ್ಪಿಹೋಗುವಾಗ. ಆರೋಗ್ಯವಾಗಿರುವ ಹೆಂಗಸು ಬೆಳಗ್ಗೆ ಆರು ಗಂಟೆಗೆ ಸುಮ್ನೆ ಓಡುತ್ತಾಳೆ ಅಂದರೆ ಯಾರಿಗಾದರೂ ಗಾಬರಿ ಆಗುತ್ತದೆ, ಅಲ್ವಾ? ನಾನು ನಿಂತು, "ಎಲ್ಲಾ ಹುಷಾರಿದ್ದ ಅಜ್ಜಿ, ಆನು ಸುಮ್ನೆ ಓಡ್ತಾ ಇದ್ದಿ" ಎಂದೆ. ಆದರೆ ಅಷ್ಟು ಹೇಳುವಷ್ಟು ಉಸಿರೂ ನನ್ನಲ್ಲಿ ಇರಲಿಲ್ಲ.

ಆ ಉಸಿರಿನ ವಿಷಯವೇ ಮೊದಲ ಪಾಠ.

ಹೊಸಬರು ಓಟ ಬಿಡುವುದಕ್ಕೆ ಕಾರಣ ಸೋಮಾರಿತನ ಅಂತ ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಬಹಳ ಜನ ಬಿಡುವುದು ಜೋರಾಗಿ ಓಡುವುದರಿಂದ. ಶಾಲೆಯಲ್ಲಿ ನಮಗೆ ಗೊತ್ತಿದ್ದ ಓಟ ಒಂದೇ, ನೂರು ಮೀಟರಿನದು. ಸೀಟಿ ಊದಿದರೆ ಪ್ರಾಣ ಹೋಗುವ ಹಾಗೆ ಓಡುವುದು. ಅದೇ ಓಟವನ್ನು ಇಪ್ಪತ್ತು ವರ್ಷ ಬಿಟ್ಟು ಏರು ರಸ್ತೆಯ ಮೇಲೆ ಓಡಲು ಹೋದರೆ ಎರಡು ನಿಮಿಷಕ್ಕೆ ಎದೆ ಉರಿಯುತ್ತದೆ, ಗಂಟಲು ಒಣಗುತ್ತದೆ. "ಇದು ನನ್ನಿಂದ ಆಗುವುದಲ್ಲ" ಅನಿಸುತ್ತದೆ. ಆಗದೇ ಇದ್ದದ್ದು ಆ ವೇಗ. ಓಟ ಅಲ್ಲ.

ಸರಿಯಾದ ವೇಗ ತಿಳಿಯಲು ಗಡಿಯಾರ ಬೇಡ. ಓಡುತ್ತಾ ಪಕ್ಕದವರ ಹತ್ತಿರ ಒಂದು ಪೂರ್ತಿ ವಾಕ್ಯ ಹೇಳಲು ಆಗಬೇಕು. "ನಿನ್ನೆ ಅಡಿಕೆಗೆ ಎಷ್ಟು ದರ ಇತ್ತು ಮಾರಾಯ್ತಿ" ಎಂದು ಒಂದೇ ಉಸಿರಿಗೆ ಕೇಳಲು ಆದರೆ ವೇಗ ಸರಿ ಇದೆ. ಎರಡು ಮೂರು ತುಂಡು ಮಾಡಿ ಕೇಳಬೇಕಾಯಿತು ಅಂದರೆ ಜಾಸ್ತಿ ಆಯಿತು. ಒಬ್ಬರೇ ಇದ್ದರೆ ಒಂದು ಭಜನೆಯ ಸಾಲು ಹೇಳಿಕೊಳ್ಳಿ. ಈ ಪರೀಕ್ಷೆ ಸಣ್ಣದು ಅಂತ ತಳ್ಳಿಹಾಕಬೇಡಿ. ವ್ಯಾಯಾಮದ ತಜ್ಞರೂ ಇದನ್ನೇ ಬಳಸುತ್ತಾರೆ.

ಈಗ ಶುರು ಮಾಡುವ ಕ್ರಮ. ಜಗತ್ತಿನಲ್ಲಿ ಹೊಸಬರು ಬಹಳ ಬಳಸುವ ಒಂದು ಕ್ರಮ ಇದೆ, ಕೌಚ್ ಟು ಫೈವ್ ಕೆ ಅಂತ, ಅಂದರೆ ಸೋಫಾದಿಂದ ಎದ್ದು ಐದು ಕಿಲೋಮೀಟರ್ ಓಟದವರೆಗೆ. ಅಮೆರಿಕದ ಜಾಶ್ ಕ್ಲಾರ್ಕ್ ಎಂಬುವರು 1996ರಲ್ಲಿ ಮಾಡಿದ್ದು. ಒಂಬತ್ತು ವಾರ, ವಾರಕ್ಕೆ ಮೂರು ದಿನ. ಮೊದಲ ವಾರ ಐದು ನಿಮಿಷ ಚುರುಕಾಗಿ ನಡೆದು, ಆಮೇಲೆ 60 ಸೆಕೆಂಡ್ ಓಟ, 90 ಸೆಕೆಂಡ್ ನಡಿಗೆ. ಹೀಗೆ ಇಪ್ಪತ್ತು ನಿಮಿಷ. ವಾರ ಕಳೆದಂತೆ ಓಟದ ಹೊತ್ತು ಬೆಳೆಯುತ್ತದೆ, ನಡಿಗೆ ಕಡಿಮೆ ಆಗುತ್ತದೆ.

ಬಹಳ ಒಳ್ಳೆಯ ಕ್ರಮ. ಆದರೆ ನಮ್ಮ ರಸ್ತೆಯಲ್ಲಿ ಒಂದು ತೊಡಕಿದೆ. ಗಡಿಯಾರ "ಈಗ ಓಡು" ಎನ್ನುವ ಹೊತ್ತಿಗೆ ಎದುರಿಗೆ ದಿಬ್ಬ ನಿಂತಿರುತ್ತದೆ. "ಈಗ ನಡೆ" ಎನ್ನುವಾಗ ಸಪಾಟು ಬಂದಿರುತ್ತದೆ. ಅದಕ್ಕೆ ನಾನು ಗಡಿಯಾರ ಬಿಟ್ಟು ರಸ್ತೆಯ ಮಾತು ಕೇಳಲು ಶುರು ಮಾಡಿದೆ. ಏರು ಬಂದರೆ ನಡೆಯುವುದು. ಸಪಾಟು ಬಂದರೆ ಒಂದು ಲೈಟ್ ಕಂಬದಿಂದ ಇನ್ನೊಂದು ಕಂಬದವರೆಗೆ ಓಡುವುದು, ಮುಂದಿನ ಕಂಬದವರೆಗೆ ನಡೆಯುವುದು. ಎರಡನೇ ವಾರದ ಕೊನೆಗೆ ಎರಡು ಕಂಬ. ಕೆಲವು ತಿಂಗಳ ಮೇಲೆ ನಾನು ಸಪಾಟಿನಲ್ಲಿ ಏಳು ಕಂಬ ನಿಲ್ಲದೆ ಓಡಿದೆ. ಆ ದಿನ ಮನೆಗೆ ಬಂದು ಎಲ್ಲರಿಗೂ ಹೇಳಿದ್ದು ನೆನಪಿದೆ.

ಏರಿನಲ್ಲಿ ನಡೆದರೆ ಅದು ಓಟ ಅಲ್ಲ, ಸೋಲು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಆ ಭಾವನೆ ಹೋಗಬೇಕು ಅಂತ ನನಗೆ ಬಹಳ ಅನಿಸುತ್ತದೆ. ಅದಕ್ಕೇ ಒಂದು ಲೆಕ್ಕ ಹೇಳುತ್ತೇನೆ. ಲೆಕ್ಕ ನನ್ನ ಕಸುಬು.

2002ರಲ್ಲಿ ಇಟಲಿಯ ವಿಜ್ಞಾನಿ ಆಲ್ಬರ್ಟೋ ಮಿನೆಟ್ಟಿ ಮತ್ತು ಸಂಗಡಿಗರು ಬೆಟ್ಟದ ಓಟದಲ್ಲಿ ಪಳಗಿದ ಹತ್ತು ಜನರನ್ನು ಟ್ರೆಡ್‌ಮಿಲ್ ಮೇಲೆ ಓಡಿಸಿ, ಬೇರೆ ಬೇರೆ ಏರಿಳಿತಕ್ಕೆ ಎಷ್ಟು ಶಕ್ತಿ ಖರ್ಚಾಗುತ್ತದೆ ಅಂತ ಅಳೆದರು. ಅವರ ಸೂತ್ರವನ್ನು ರೂಪಾಯಿ ಲೆಕ್ಕಕ್ಕೆ ತಂದರೆ ಹೀಗೆ ಆಗುತ್ತದೆ. ಸಪಾಟು ರಸ್ತೆಯಲ್ಲಿ ಒಂದು ದೂರ ಓಡಲು 100 ರೂಪಾಯಿ ಖರ್ಚು ಅಂತ ಇಟ್ಟುಕೊಳ್ಳಿ. ನೂರು ಮೀಟರಿಗೆ ಹತ್ತು ಮೀಟರ್ ಹತ್ತುವ ದಾರಿಯಲ್ಲಿ ಅಷ್ಟೇ ದೂರಕ್ಕೆ ಸುಮಾರು 165 ರೂಪಾಯಿ. ಅದೇ ದಾರಿಯಲ್ಲಿ ಇಳಿಯಲು ಸುಮಾರು 60 ರೂಪಾಯಿ. ಹೋಗಿ ಬರಲು ಸಪಾಟಿನಲ್ಲಿ 200, ಗುಡ್ಡದಲ್ಲಿ 225. ಅಂದರೆ ಹತ್ತುವಾಗ ಕೊಟ್ಟದ್ದು ಇಳಿಯುವಾಗ ಪೂರ್ತಿ ವಾಪಸ್ ಬರುವುದಿಲ್ಲ. ಹುಬ್ಬಳ್ಳಿಯ ನಿಮ್ಮ ಅಣ್ಣ ಅರ್ಧ ಗಂಟೆಯಲ್ಲಿ ಐದು ಕಿಲೋಮೀಟರ್ ಓಡಿದೆ ಅಂದರೆ ನೀವು ಕುಗ್ಗಬೇಡಿ. ಅವರ ಕಿಲೋಮೀಟರೇ ಬೇರೆ, ನಿಮ್ಮದೇ ಬೇರೆ. ಅದಕ್ಕೇ ನಾನು ದೂರ ಬರೆದಿಡುವುದನ್ನು ಬಿಟ್ಟಿದ್ದೇನೆ. ಎಷ್ಟು ನಿಮಿಷ ಹೊರಗಿದ್ದೆ, ಅಷ್ಟೇ ಬರೆಯುತ್ತೇನೆ.

ಕಡಿದಾದ ಏರಿನಲ್ಲಿ ನಿಧಾನವಾಗಿ ಓಡುವುದಕ್ಕಿಂತ ನಡೆಯುವುದೇ ಕಡಿಮೆ ಶಕ್ತಿ ತಿನ್ನುತ್ತದೆ. ಬೆಟ್ಟದ ಓಟದಲ್ಲಿ ಗೆಲ್ಲುವವರೂ ಕಡಿದಾದ ಕಡೆ ನಡೆಯುತ್ತಾರೆ. ಕೈಯನ್ನು ತೊಡೆಯ ಮೇಲೆ ಊರಿ ನಡೆಯುತ್ತಾರೆ. ಹೇಗೆ ನಡೆಯಬೇಕು ಅಂತ ಕಲಿಯಲು ವಿಡಿಯೋ ನೋಡಬೇಕಾಗಿಲ್ಲ. ಬೆಟ್ಟದಿಂದ ದರಕಿನ (ಒಣ ಎಲೆಗಳ) ಹೊರೆ ಹೊತ್ತು ಬರುವ ಹೆಂಗಸರನ್ನು ನೋಡಿ. ದಿಬ್ಬ ಬಂದ ಕೂಡಲೇ ಅವರ ಹೆಜ್ಜೆ ಗಿಡ್ಡ ಆಗುತ್ತದೆ. ನಡು ಬಗ್ಗುವುದಿಲ್ಲ. ಅವಸರ ಇಲ್ಲ, ನಿಲ್ಲುವುದೂ ಇಲ್ಲ. ಕೆಳಗೆ ಯಾವ ಲಯ ಇತ್ತೋ ಮೇಲೆಯೂ ಅದೇ ಲಯ. ಹೆಜ್ಜೆಯ ಉದ್ದ ಮಾತ್ರ ಕಡಿಮೆ. ಏರಿನಲ್ಲಿ ಓಡುವಾಗಲೂ ಇಷ್ಟೇ ಗುಟ್ಟು. ಹೆಜ್ಜೆ ಗಿಡ್ಡ, ಕಣ್ಣು ನಾಲ್ಕೈದು ಮೀಟರ್ ಮುಂದೆ, ಸೊಂಟದಲ್ಲಿ ಮಡಚದೆ ಇಡೀ ಮೈ ಸ್ವಲ್ಪ ಮುಂದಕ್ಕೆ. ಸೊಂಟದಲ್ಲಿ ಬಗ್ಗಿದರೆ ಹೊಟ್ಟೆ ಒತ್ತಿ ಉಸಿರು ಗಿಡ್ಡ ಆಗುತ್ತದೆ.

ಏರಿನ ಮಾತು ಸಾಕು. ಏರು ಮೋಸ ಮಾಡುವುದಿಲ್ಲ. ಜಾಸ್ತಿ ಆಯಿತು ಅಂದರೆ ಉಸಿರು ಕಟ್ಟಿ ಅದೇ ನಿಮ್ಮನ್ನು ನಿಲ್ಲಿಸುತ್ತದೆ. ನಾನು ಇವತ್ತು ಮುಖ್ಯವಾಗಿ ಹೇಳಲು ಬಂದದ್ದು ಇಳಿಜಾರಿನ ಬಗ್ಗೆ.

ನಾನು ಶುರು ಮಾಡಿದ ಮೂರನೇ ವಾರ. ನಮ್ಮ ಮನೆ ಹತ್ತಿರ ಒಂದು ಉದ್ದ ಇಳಿಜಾರು ಇದೆ, ಹೊಸದಾಗಿ ಡಾಂಬರು ಹಾಕಿದ್ದರು. ಅಲ್ಲಿ ಓಡಿದರೆ ಉಸಿರೇ ಹತ್ತುತ್ತಿರಲಿಲ್ಲ. ಕಾಲು ತಾನಾಗಿಯೇ ಹೋಗುತ್ತಿತ್ತು. ನನಗೆ ಓಟ ಬಂತು ಅನಿಸಿತು. ದಿನಾ ಅಲ್ಲೇ ಹೋದೆ. ವಾರಕ್ಕೆ ಮೂರು ದಿನ ಅನ್ನುವುದನ್ನೂ ಬಿಟ್ಟು ಆರು ದಿನ ಓಡಿದೆ. ಮೇಲಿಂದ ಕೆಳಗೆ ಜೋರಾಗಿ ಓಡಿ, ವಾಪಸ್ ನಡೆದು ಬರುತ್ತಿದ್ದೆ. ಹತ್ತನೇ ದಿನಕ್ಕೆ ಮೊಣಕಾಲಿನ ಕೆಳಗೆ, ಮುಂಗಾಲಿನ ಎಲುಬಿನ ಒಳಬದಿ ನೋವು ಶುರುವಾಯಿತು. ಮೊದಲು ಓಡುವಾಗ ಮಾತ್ರ. ಆಮೇಲೆ ಮೆಟ್ಟಿಲು ಇಳಿಯುವಾಗ. ಕೊನೆಗೆ ಬೆಳಗ್ಗೆ ಹಾಸಿಗೆಯಿಂದ ಕಾಲು ಕೆಳಗಿಟ್ಟರೂ ನೋವು. ಎರಡೂ ಕಾಲಿನ ಹೆಬ್ಬೆರಳಿನ ಉಗುರು ಕಪ್ಪಾಗಿತ್ತು. ವೈದ್ಯರಿಗೆ ತೋರಿಸಿದೆ. ಎಲುಬು ಬಿರುಕು ಬಿಟ್ಟಿಲ್ಲ, ಆದರೆ ಹೀಗೇ ಮುಂದುವರಿದರೆ ಬಿಡಬಹುದು ಎಂದರು. ಆರು ವಾರ ಓಟ ಇಲ್ಲ. ಆ ಆರು ವಾರ ನನಗೆ ಬಹಳ ಕಷ್ಟದ್ದು. ಶುರು ಮಾಡಿದ್ದನ್ನು ನಾನೇ ಹಾಳು ಮಾಡಿಕೊಂಡೆ ಎಂಬ ಬೇಸರ ಇತ್ತು.

ಆಗ ಕುಳಿತು ಓದಿದೆ, ತಿಳಿದವರನ್ನು ಕೇಳಿದೆ. ಇಳಿಯುವಾಗ ಮೈಯೊಳಗೆ ಏನಾಗುತ್ತದೆ ಅಂದರೆ, ತೊಡೆಯ ಮುಂಭಾಗದ ಸ್ನಾಯು ಬ್ರೇಕಿನ ಕೆಲಸ ಮಾಡುತ್ತದೆ. ಹತ್ತುವಾಗ ಅದು ಬಿಗಿದು ಗಿಡ್ಡ ಆಗುತ್ತದೆ. ಇಳಿಯುವಾಗ ಬಿಗಿದುಕೊಂಡೇ ಉದ್ದಕ್ಕೆ ಎಳೆಯಲ್ಪಡುತ್ತದೆ. ಎರಡು ಕಡೆಯಿಂದ ಜಗ್ಗಿದ ಹಗ್ಗದ ಹಾಗೆ. ಸ್ನಾಯುವಿನ ಸಣ್ಣ ಎಳೆಗಳಿಗೆ ಜಾಸ್ತಿ ಪೆಟ್ಟು ಬೀಳುವುದು ಆಗ. ಆ ನೋವು ಕೂಡಲೇ ಬರುವುದಿಲ್ಲ. ಮಾರನೇ ದಿನ, ಅದರ ಮಾರನೇ ದಿನ ಜೋರಾಗಿ ಬರುತ್ತದೆ. ಯಾಣಕ್ಕೋ ಉಂಚಳ್ಳಿ ಜಲಪಾತಕ್ಕೋ ಹೋಗಿ ಬಂದವರು ಎರಡು ದಿನ ಬಿಟ್ಟು ಮೆಟ್ಟಿಲು ಇಳಿಯಲು ಒದ್ದಾಡುತ್ತಾರಲ್ಲ, ಇದೇ ಅದು. ಜೊತೆಗೆ ಇಳಿಜಾರಿನಲ್ಲಿ ಪ್ರತಿ ಹೆಜ್ಜೆಯೂ ನೆಲಕ್ಕೆ ಜಾಸ್ತಿ ಜೋರಾಗಿ ಬೀಳುತ್ತದೆ. ಉಸಿರಿಗೆ ಸುಲಭ ಆದದ್ದರಿಂದ ನಮಗೆ ಅದು ಗೊತ್ತೇ ಆಗುವುದಿಲ್ಲ. ಇಳಿಜಾರನ್ನು ನಂಬಬೇಡಿ ಅಂತ ಹೇಳುವುದು ಇದಕ್ಕೇ.

ಇನ್ನೊಂದು ಮಾತು. ಓಡಲು ಶುರು ಮಾಡಿದ ಕೆಲವೇ ವಾರಗಳಲ್ಲಿ ಉಸಿರು, ಎದೆ ಸುಧಾರಿಸುತ್ತವೆ. ಸ್ನಾಯುವೂ ಬೇಗ ಬಲಿಯುತ್ತದೆ. ಆದರೆ ಎಲುಬು, ಸ್ನಾಯುವನ್ನು ಎಲುಬಿಗೆ ಕಟ್ಟುವ ನಾರು ನಿಧಾನ. ಅವಕ್ಕೆ ತಿಂಗಳುಗಳೇ ಬೇಕು. "ನನಗೆ ಇನ್ನೂ ಓಡಬಹುದು" ಅಂತ ಉಸಿರು ಹೇಳುವ ಹೊತ್ತಿಗೆ ಕಾಲಿನ ಎಲುಬು ಇನ್ನೂ ತಯಾರಾಗಿರುವುದಿಲ್ಲ. ಮೂರನೇ ವಾರದಿಂದ ಎಂಟನೇ ವಾರದ ನಡುವೆ ಎಚ್ಚರ ಜಾಸ್ತಿ ಬೇಕು. ವಾರಕ್ಕೆ ಮೂರೇ ದಿನ, ಒಂದು ದಿನ ಬಿಟ್ಟು ಒಂದು ದಿನ. ಉಮೇದು ಬಂದರೆ ಉಳಿದ ದಿನ ನಡೆಯಿರಿ.

ಹಾಗಾದರೆ ಇಳಿಜಾರಿನಲ್ಲಿ ಏನು ಮಾಡಬೇಕು? ಮೊದಲ ಎರಡು ತಿಂಗಳು ಕಡಿದಾದ ಇಳಿಜಾರನ್ನು ನಡೆದೇ ಇಳಿಯಿರಿ. ಹೌದು, ಏರನ್ನೂ ನಡೆದು, ಇಳಿಜಾರನ್ನೂ ನಡೆದು. ಓಟ ಸಪಾಟಿನಲ್ಲಿ ಮತ್ತು ಸಣ್ಣ ಏರಿನಲ್ಲಿ. ಸಣ್ಣ ಏರಿನಲ್ಲಿ ನಿಧಾನವಾಗಿ ಓಡುವುದು ಹೊಸಬರ ಕಾಲಿಗೆ ಬಹಳ ಒಳ್ಳೆಯದು. ನೆಲ ಮೇಲಕ್ಕೆ ಎದ್ದು ಬಂದು ಪಾದವನ್ನು ಹಿಡಿದ ಹಾಗೆ ಇರುತ್ತದೆ, ಪೆಟ್ಟು ಕಡಿಮೆ. ಎರಡು ತಿಂಗಳ ಮೇಲೆ ಸಣ್ಣ ಇಳಿಜಾರಿನಲ್ಲಿ ಓಡಿ. ಹೆಜ್ಜೆ ಗಿಡ್ಡ ಇರಲಿ. ಪಾದ ಮೈಯಿಂದ ಬಹಳ ಮುಂದೆ ಬೀಳದೆ ನಿಮ್ಮ ಕೆಳಗೇ ಬೀಳಲಿ. ಮೊಣಕಾಲು ಯಾವಾಗಲೂ ಸ್ವಲ್ಪ ಮಡಚಿರಲಿ. ಹೆದರಿ ಹಿಂದಕ್ಕೆ ವಾಲಬೇಡಿ, ವಾಲಿದರೆ ಹಿಮ್ಮಡಿ ನೆಲಕ್ಕೆ ಹೊಡೆಯುತ್ತದೆ, ಜಾರುತ್ತದೆ ಕೂಡ. ಒಂದು ಸಮಾಧಾನದ ಸಂಗತಿ ಇದೆ. ಸ್ನಾಯುವಿಗೆ ನೆನಪು ಇರುತ್ತದೆ. ಸ್ವಲ್ಪ ಸ್ವಲ್ಪ ಇಳಿದು ಅಭ್ಯಾಸ ಮಾಡಿದರೆ ಮುಂದಿನ ಸಲ ಅದೇ ಇಳಿಜಾರಿಗೆ ಅಷ್ಟು ನೋವಾಗುವುದಿಲ್ಲ. ಈಗ ನಾನು ಆ ಡಾಂಬರು ರಸ್ತೆಯನ್ನು ಓಡಿಯೇ ಇಳಿಯುತ್ತೇನೆ. ಆದರೆ ವಾರಕ್ಕೆ ಒಂದೇ ಸಲ.

ಉಗುರು ಕಪ್ಪಾದದ್ದು ಬೂಟಿನಿಂದ. ಅಂಗಡಿಯಲ್ಲಿ "ಓಡುವ ಬೂಟು ಬಿಗಿಯಾಗಿಯೇ ಇರಬೇಕು" ಎಂದು ಕೊಟ್ಟಿದ್ದರು, ನಾನು ತಂದಿದ್ದೆ. ಇಳಿಯುವಾಗ ಪಾದ ಮುಂದಕ್ಕೆ ಜಾರಿ ಬೆರಳು ಬೂಟಿಗೆ ಬಡಿಯುತ್ತದೆ. ಬೆರಳಿನ ಮುಂದೆ ಒಂದು ಹೆಬ್ಬೆರಳಿನ ಅಗಲ ಜಾಗ ಬಿಟ್ಟು ತೆಗೆದುಕೊಳ್ಳಿ. ಸಂಜೆ ಹೊತ್ತಿಗೆ ಪಾದ ಸ್ವಲ್ಪ ಉಬ್ಬಿರುತ್ತದೆ, ಆಗ ಅಂಗಡಿಗೆ ಹೋಗಿ. ದುಬಾರಿ ಬೂಟೇ ಬೇಕು ಅಂತ ಇಲ್ಲ. ಅಡಿಯಲ್ಲಿ ಹಲ್ಲು ಚೆನ್ನಾಗಿರುವುದು ಸಾಕು. ನಮ್ಮ ಕೆಂಪು ಮಣ್ಣಿನ ರಸ್ತೆಗೆ ನುಣುಪು ಅಡಿಯ ಬೂಟು ಆಗುವುದಿಲ್ಲ.

ಎಲ್ಲಿ ಓಡಬೇಕು? ಬಹಳ ಹೊಸಬರಿಗೆ ನಾನು ಹೇಳುವುದು, ಮೊದಲ ಎರಡು ವಾರ ಮಾರಿಕಾಂಬಾ ಕ್ರೀಡಾಂಗಣದಲ್ಲಿ ಸುತ್ತು ಹಾಕಿ. ಅಲ್ಲಿ ನಾಲ್ಕು ಜನ ಸಿಗುತ್ತಾರೆ, ನಾಚಿಕೆ ಹೋಗುತ್ತದೆ. ಹಳ್ಳಿಯವರಿಗೆ ಶಾಲೆಯ ಮೈದಾನ ಇದೆ. ಆಮೇಲೆ ಊರೊಳಗಿನ ಸಣ್ಣ ರಸ್ತೆಗಳು, ಬೆಟ್ಟಕ್ಕೆ ಗಾಡಿ ಹೋಗುವ ಮಣ್ಣಿನ ದಾರಿಗಳು. ಮಣ್ಣಿನ ದಾರಿ ಕಾಲಿಗೆ ಮೆತ್ತಗೆ. ಹುಬ್ಬಳ್ಳಿ ರಸ್ತೆ, ಕುಮಟಾ ರಸ್ತೆಯಂಥ ದೊಡ್ಡ ರಸ್ತೆಗಳಲ್ಲಿ ಓಡಬೇಡಿ. ದೇವಿಮನೆ ಘಟ್ಟದಲ್ಲಿ ಓಡಿ ವಿಡಿಯೋ ಮಾಡುವವರನ್ನು ನೋಡಿ ನೀವೂ ಹೊರಡಬೇಡಿ. ಆ ತಿರುವುಗಳಲ್ಲಿ ಲಾರಿಯವರಿಗೆ ನೀವು ಕಾಣುವುದಿಲ್ಲ. ಸಣ್ಣ ರಸ್ತೆಯಲ್ಲೂ ಬಲಬದಿಯಲ್ಲಿ ಹೋಗಿ, ಎದುರಿಗೆ ಬರುವ ಗಾಡಿ ಕಣ್ಣಿಗೆ ಕಾಣುವ ಹಾಗೆ. ತಿರುವಿನಲ್ಲಿ ಮಾತ್ರ ಹೊರಬದಿಗೆ ಸರಿಯಿರಿ. ನವೆಂಬರ್‌ನಿಂದ ಬೆಳಗ್ಗೆ ಮಂಜು ದಟ್ಟ ಇರುತ್ತದೆ. ಬಿಳಿ ಅಂಗಿ ಮಂಜಿನಲ್ಲಿ ಕಾಣುವುದಿಲ್ಲ. ಕಿತ್ತಳೆಯೋ, ಎದ್ದು ಕಾಣುವ ಹಳದಿಯೋ ಹಾಕಿಕೊಳ್ಳಿ. ಕಿವಿಗೆ ಹಾಡು ಬೇಡ.

ಕಾರವಾರ, ಕುಮಟಾ ಕಡೆಯಿಂದ ಬಂದವರೂ ಇದ್ದೀರಿ. ನಿಮಗೆ ಸಮುದ್ರದ ದಂಡೆ ಇದೆ. ಇಳಿತದ ಹೊತ್ತಿನಲ್ಲಿ ನೀರಿನ ಅಂಚಿನ ಒದ್ದೆ ಮರಳು ಗಟ್ಟಿ ಇರುತ್ತದೆ, ಅಲ್ಲಿ ಓಡಿ. ಒಣ ಮರಳಿನಲ್ಲಿ ಹಿಮ್ಮಡಿ ಹೂತು ಮೀನಖಂಡ ಹಿಡಿಯುತ್ತದೆ. ದಂಡೆಗೂ ಒಂದು ಬದಿಗೆ ಇಳಿಜಾರು ಇರುತ್ತದೆ, ಹೋಗಿದ್ದಷ್ಟೇ ವಾಪಸ್ ಬನ್ನಿ, ಆಗ ಎರಡೂ ಕಾಲಿಗೆ ಸಮ ಆಗುತ್ತದೆ. ನಿಮ್ಮ ದೊಡ್ಡ ಶತ್ರು ಸೆಕೆ. ಬೆವರು ಆರದೇ ಇದ್ದರೆ ಮೈ ತಣಿಯುವುದಿಲ್ಲ. ಹಾಗಾಗಿ ಅದೇ ಓಟ ಶಿರಸಿಗಿಂತ ಕಾರವಾರದಲ್ಲಿ ಕಷ್ಟ. ಬೆಳಕು ಹರಿಯುವ ಹೊತ್ತಿಗೇ ಮುಗಿಸಿ.

ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್ ತನಕ ನಾಲ್ಕು ತಿಂಗಳು ಮನೆಯಲ್ಲಿ ಕೂತರೆ ಕಟ್ಟಿದ್ದೆಲ್ಲ ಹೋಗುತ್ತದೆ. ನಾನು ಮಳೆಯಲ್ಲೂ ಓಡುತ್ತೇನೆ. ಮಳೆಯಲ್ಲಿ ಓಡುವ ಸುಖವನ್ನು ನನಗೆ ಮಾತಿನಲ್ಲಿ ಹೇಳಲು ಬರುವುದಿಲ್ಲ. ಆದರೆ ಕೆಲವು ಕಡೆ ಕಾಲಿಡಬಾರದು. ಪಾಚಿ ಕಟ್ಟಿದ ಸಿಮೆಂಟು ರಸ್ತೆ, ಚಿರೆಕಲ್ಲಿನ ಮೆಟ್ಟಿಲು, ಹಳ್ಳದ ಮೇಲಿನ ಮರದ ಸಂಕ. ಇವುಗಳ ಮೇಲೆ ನಡೆಯುವಾಗಲೂ ಎಚ್ಚರ ಬೇಕು. ಗುಡ್ಡ ಕಡಿದು ಮಾಡಿದ ರಸ್ತೆಯ ಕೆಳಗೆ ಜೋರು ಮಳೆಯಲ್ಲಿ ಹೋಗಲೇಬಾರದು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜನ ಹೋದದ್ದನ್ನು ನಮ್ಮ ಜಿಲ್ಲೆ ಮರೆಯುವುದಿಲ್ಲ. ಎರಡು ದಿನ ಎಡೆಬಿಡದೆ ಮಳೆ ಹೊಡೆದಿದ್ದರೆ ಆ ದಿನ ಅಂಗಳದಲ್ಲೋ ಜಗಲಿಯಲ್ಲೋ ನಿಂತಲ್ಲೇ ಹೆಜ್ಜೆ ಹಾಕಿ.

ಉಂಬಳದ (ಜಿಗಣೆಯ) ಬಗ್ಗೆ ಪೇಟೆಯ ಮಕ್ಕಳು ಬಹಳ ಹೆದರುತ್ತಾರೆ. ಹೆದರಬೇಡಿ. ಕಚ್ಚಿದ್ದನ್ನು ಜಗ್ಗಿ ಕೀಳಬಾರದು, ಉಗುರಿನಿಂದ ಬದಿಗೆ ಸರಿಸಿದರೆ ಬಿಡುತ್ತದೆ. ರಕ್ತ ಸ್ವಲ್ಪ ಹೊತ್ತು ನಿಲ್ಲುವುದಿಲ್ಲ, ಉಂಬಳದ ಎಂಜಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಇದೆ. ತೊಳೆದು ಒತ್ತಿ ಹಿಡಿದರೆ ಸಾಕು. ಬೂಟು ಒಣಗಿಸಲು ಒಳಗೆ ಹಳೆಯ ಪೇಪರ್ ತುರುಕಿ, ಒಂದು ಗಂಟೆ ಬಿಟ್ಟು ಬದಲಾಯಿಸಿ. ಬಚ್ಚಲೊಲೆಯ ಹತ್ತಿರ ಇಟ್ಟರೆ ಅಂಟು ಬಿಡುತ್ತದೆ. ನನ್ನ ಒಂದು ಜೊತೆ ಹಾಗೇ ಹೋಯಿತು.

ಉಂಬಳಕ್ಕಿಂತ ಹೆದರಬೇಕಾದದ್ದು ಉಣುಗಿಗೆ (ಉಣ್ಣೆಗೆ). ಇದನ್ನು ದಯವಿಟ್ಟು ಗಮನ ಕೊಟ್ಟು ಕೇಳಿ. ಮಂಗನ ಕಾಯಿಲೆ ನಮ್ಮ ಪಕ್ಕದ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ 1957ರಲ್ಲಿ ಮೊದಲು ಪತ್ತೆಯಾದದ್ದು. 2024ರಲ್ಲಿ ಸಿದ್ದಾಪುರ ತಾಲ್ಲೂಕಿನಲ್ಲಿ ಜೋರಾಗಿ ಕಾಣಿಸಿಕೊಂಡಿತ್ತು. ಕಾಡಿನ ಉಣುಗು ಕಚ್ಚುವುದರಿಂದ ಬರುತ್ತದೆ. ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಜಾಸ್ತಿ. ನಮಗೆ ಓಡಲು ಹವೆ ಚೆನ್ನಾಗಿರುವ ಕಾಲವೂ ಅದೇ. ಆ ತಿಂಗಳುಗಳಲ್ಲಿ ಬೆಟ್ಟದ ಕಾಲುದಾರಿ, ದರಕು ಬಿದ್ದ ಜಾಗ ಬಿಟ್ಟು ರಸ್ತೆಯ ಮೇಲೇ ಓಡಿ. ಕಾಡಂಚಿಗೆ ಹೋಗಲೇಬೇಕಾದರೆ ಉದ್ದ ಪ್ಯಾಂಟು, ಅದರ ತುದಿ ಕಾಲುಚೀಲದ ಒಳಗೆ. ಉಣುಗು ಹತ್ತಿರ ಬರದ ಹಾಗೆ ಆರೋಗ್ಯ ಇಲಾಖೆ ಕೊಡುವ ಡೀಪಾ ಎಣ್ಣೆ ಹಚ್ಚಿಕೊಳ್ಳಿ. ಬಂದ ಕೂಡಲೇ ಬಿಸಿನೀರಿನ ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಮರಿ ಉಣುಗು ಸಾಸಿವೆಗಿಂತ ಸಣ್ಣ ಇರುತ್ತದೆ, ಮೈಯೆಲ್ಲ ನೋಡಿಕೊಳ್ಳಿ. ಸುಸ್ತಾಗಿ ಬಂದವರು ದರಕಿನ ಮೇಲೆ ಕೂರಬೇಡಿ. ಮಂಗ ಸತ್ತು ಬಿದ್ದದ್ದು ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಕಾಡಿಗೆ ಹೋಗಿ ಬಂದ ಒಂದು ವಾರದಲ್ಲಿ ಒಮ್ಮೆಲೇ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಓಟದ ಸುಸ್ತು ಅಂದುಕೊಂಡು ಮಲಗಬೇಡಿ. ವೈದ್ಯರ ಹತ್ತಿರ ಹೋಗಿ, ಕಾಡಿಗೆ ಹೋಗಿದ್ದೆ ಅಂತ ಬಾಯಿಬಿಟ್ಟು ಹೇಳಿ.

ನಾಯಿ, ಕಾಡುಹಂದಿ, ಕಾಡುಕೋಣ ಎಲ್ಲದಕ್ಕೂ ಒಂದೇ ಮಾತು. ಎದುರಾದರೆ ಓಡಬೇಡಿ, ನಿಲ್ಲಿ, ಮುಖ ಅದರ ಕಡೆ ಇಟ್ಟು ನಿಧಾನ ಹಿಂದೆ ಸರಿಯಿರಿ. ಪೂರ್ತಿ ಕತ್ತಲಲ್ಲಿ ಹೊರಡಬೇಡಿ.

ತಿನ್ನುವ ವಿಷಯ ಬಹಳ ಜನ ಕೇಳುತ್ತಾರೆ, ನನಗೆ ಅಷ್ಟು ದೊಡ್ಡ ವಿಷಯ ಅನಿಸುವುದಿಲ್ಲ. ಅರ್ಧ ಗಂಟೆಯ ಓಟಕ್ಕೆ ವಿಶೇಷ ಏನೂ ಬೇಡ. ಒಂದು ಬಾಳೆಹಣ್ಣು, ಇಲ್ಲ ಬರಿಹೊಟ್ಟೆಯಲ್ಲೂ ಆದೀತು. ಬಂದ ಮೇಲೆ ದೋಸೆ, ಜೋನಿಬೆಲ್ಲ. ಬೇಸಿಗೆಯಲ್ಲಿ ಮುರುಗಲು ಪಾನಕಕ್ಕೆ ಚಿಟಿಕೆ ಉಪ್ಪು ಹಾಕಿ ಕುಡಿಯಿರಿ. ಬೆವರಿನಲ್ಲಿ ಹೋದ ನೀರೂ ಉಪ್ಪೂ ಎರಡೂ ಬರುತ್ತವೆ.

ಹೆಂಗಸರಿಗೆ ಒಂದು ಮಾತು. ನನಗೆ ಏರಿಗಿಂತ ಕಷ್ಟ ಆದದ್ದು ಮನೆಯ ದಣಪೆ ದಾಟುವುದು. ಬೆಳಗ್ಗೆ ಆರರಿಂದ ಏಳು ಮನೆಯಲ್ಲಿ ಎಲ್ಲರಿಗೂ ನಾವು ಬೇಕಾದ ಹೊತ್ತು. ಹಾಲು, ತಿಂಡಿ, ಡಬ್ಬಿ, ಕೊಟ್ಟಿಗೆ. ಆ ಅರ್ಧ ಗಂಟೆಯನ್ನು ನಾನು ಕೇಳಿ ಪಡೆಯಬೇಕಾಯಿತು. ವಾರಕ್ಕೆ ಮೂರು ದಿನ ತಿಂಡಿ ನಮ್ಮ ಯಜಮಾನರು ಮಾಡುತ್ತಾರೆ. ಅದು ಒಂದೇ ದಿನದಲ್ಲಿ ಆಗಲಿಲ್ಲ. ಬಟ್ಟೆಯ ಬಗ್ಗೆ ಸಂಕೋಚ ಇದ್ದರೆ ಚೂಡಿದಾರದಲ್ಲೇ ಓಡಿ, ವೇಲ್ ಮಾತ್ರ ಬೇಡ. ನಾನು ಮೊದಲ ಒಂದು ವರ್ಷ ಹಾಗೇ ಓಡಿದ್ದು. ಒಳಗೆ ಓಟಕ್ಕೆಂದೇ ಇರುವ ಬಿಗಿಯಾದ ಬ್ರಾ ಮಾತ್ರ ಬೇಕೇ ಬೇಕು. ದುಡ್ಡು ಹಾಕುವುದಿದ್ದರೆ ಬೂಟಿನ ನಂತರ ಅದಕ್ಕೇ ಹಾಕಿ. ಇಬ್ಬರು ಸೇರಿ ಹೋಗಿ. ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಅಂತ ಮನೆಯಲ್ಲಿ ಹೇಳಿ ಹೊರಡಿ. ಆಡಿಕೊಳ್ಳುವವರು ಮೊದಲು ಎರಡು ವಾರ ಆಡಿಕೊಳ್ಳುತ್ತಾರೆ. ಆಮೇಲೆ ನೀವು ಒಂದು ದಿನ ಬರದಿದ್ದರೆ ಅವರೇ ಕೇಳುತ್ತಾರೆ.

ಓಟ ನಮ್ಮ ಜಿಲ್ಲೆಗೆ ಹೊರಗಿನದ್ದಲ್ಲ. 1980ರ ದಶಕದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದವರು ನಮ್ಮ ಸಿದ್ದಿ ಸಮುದಾಯದ ಮಕ್ಕಳನ್ನು ಹುಡುಕಿ ತರಬೇತಿಗೆ ಕರೆದುಕೊಂಡು ಹೋಗಿದ್ದರು. ಇದೇ ಕಾಡಿನ ದಾರಿಗಳಲ್ಲಿ ಬೆಳೆದ ಕಾಲುಗಳು ಅವು. ಆ ಯೋಜನೆ ನಡುವೆ ನಿಂತುಹೋದದ್ದು ನನಗೆ ಈಗಲೂ ಬೇಸರದ ವಿಷಯ.

ಇನ್ನು ಸಭೆಯಲ್ಲಿ ಬಂದ ಪ್ರಶ್ನೆಗಳು.

ಒಬ್ಬ ಹುಡುಗ ಕೇಳಿದ: "ನಾವು ಎತ್ತರದಲ್ಲಿ ಇದ್ದೇವೆ, ಅದಕ್ಕೇ ಉಸಿರು ಬೇಗ ಕಟ್ಟುತ್ತದಾ?" ಇಲ್ಲ ತಮ್ಮಾ. ಶಿರಸಿ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರ. ಅಷ್ಟಕ್ಕೆ ಉಸಿರಾಟಕ್ಕೆ ಏನೂ ಆಗುವುದಿಲ್ಲ. ನೀನು ಜೋರಾಗಿ ಓಡುತ್ತಿದ್ದೀಯ, ಅಷ್ಟೇ.

ಒಬ್ಬ ಹಿರಿಯರು ಮೊಣಕಾಲಿನ ಬಗ್ಗೆ ಕೇಳಿದರು. ಓಡಿದರೆ ಮೊಣಕಾಲು ಸವೆಯುತ್ತದೆ ಅಂತ ಎಲ್ಲ ಕಡೆ ಹೇಳುತ್ತಾರೆ. 2017ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ ಒಂದು ವರದಿ ಬಂತು. ಆರೋಗ್ಯಕ್ಕಾಗಿ ಹಿತಮಿತವಾಗಿ ಓಡುವವರಲ್ಲಿ ಸೊಂಟ, ಮೊಣಕಾಲಿನ ಕೀಲು ಸವೆತ ಸುಮಾರು 3.5 ಶೇಕಡಾ, ಓಡದೆ ಕೂತೇ ಇರುವವರಲ್ಲಿ ಸುಮಾರು 10 ಶೇಕಡಾ, ಸ್ಪರ್ಧೆಗಾಗಿ ಓಡುವವರಲ್ಲಿ ಸುಮಾರು 13 ಶೇಕಡಾ ಕಂಡಿತ್ತು. ಆದರೆ ಈಗಾಗಲೇ ಮೊಣಕಾಲು ನೋವು ಇರುವವರು ವೈದ್ಯರನ್ನು ಕೇಳಿಯೇ ಶುರು ಮಾಡಬೇಕು. ಸಕ್ಕರೆ ಕಾಯಿಲೆ, ಬಿಪಿ, ಹೃದಯದ ತೊಂದರೆ ಇರುವವರೂ ಹಾಗೆ. ಓಡುವಾಗ ಎದೆ ಹಿಡಿದ ಹಾಗೆ ಆದರೆ, ಕಣ್ಣು ಕತ್ತಲೆ ಬಂದರೆ ಅಲ್ಲೇ ನಿಲ್ಲಿಸಿ, ಆ ದಿನವೇ ತೋರಿಸಿ.

ಕೊನೆಗೆ ಹಿಂದಿನ ಸಾಲಿನಿಂದ 58 ವರ್ಷದ ಒಬ್ಬ ಅಕ್ಕ ಎದ್ದು ನಿಂತರು. "ನನಗೆ ಓಡಲು ಧೈರ್ಯ ಇಲ್ಲ. ಬರೀ ದಿಬ್ಬ ಹತ್ತಿ ನಡೆದರೆ ಸಾಲದಾ?" ಎಂದರು. ಸಾಕು ಅಕ್ಕ. ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ಶ್ರಮ, ಇಲ್ಲವೇ 75ರಿಂದ 150 ನಿಮಿಷದ ಜೋರು ಶ್ರಮ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಸಪಾಟು ಊರಿನವರಿಗೆ ಜೋರು ಶ್ರಮ ಬೇಕಾದರೆ ಓಡಬೇಕು. ನಮಗೆ ದಿಬ್ಬ ಇದೆ. ಚುರುಕಾಗಿ ಹತ್ತಿದರೆ ಅದೇ ಜೋರು ಶ್ರಮ.

ಸಭೆ ಮುಗಿದ ಮೇಲೆ ಅವರನ್ನೂ ಸೇರಿಸಿ ಒಂಬತ್ತು ಜನ ಸಭಾಭವನದ ಹಿಂದಿನ ದಿಬ್ಬಕ್ಕೆ ಹೋದೆವು. ಆರು ಕಂಬ ಇದೆ ಅಲ್ಲಿ. ಗಿಡ್ಡ ಹೆಜ್ಜೆ ಹಾಕಿ, ಮಾತಾಡುತ್ತಾ ಹತ್ತಿದೆವು. ಮೇಲೆ ಹೋದಾಗ ಆ ಅಕ್ಕ ಮಾತಾಡುತ್ತಲೇ ಇದ್ದರು. ಇಳಿಯುವಾಗ ಇಬ್ಬರು ಹುಡುಗರು ಓಡಲು ಹೊರಟರು. ಅವರನ್ನು ತಡೆದು ನಿಲ್ಲಿಸಿದ್ದು ಆ ಅಕ್ಕನೇ.